ಮೂರನೇ ಪಿನ್ ಯಾವುದು ಅಂತ ಕೇಳಿದ ಅಂಗಡಿ

ವಸ್ತು: ಮೂರು ಪಿನ್ನಿನ ಎಲೆಕ್ಟ್ರಾನಿಕ್ ಫ್ಲಾಷರ್ ರಿಲೇ, ಅಂದರೆ ಗಾಡಿಯ ಇಂಡಿಕೇಟರ್ ಮಿಣುಕಿಸುವ ಡಬ್ಬಿ, 12 ವೋಲ್ಟ್. ಬೆಲೆ 180 ರೂಪಾಯಿ. ಗಾಡಿ: ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಅಂಗಡಿ: ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಇರುವ ಒಂದು ಚಿಕ್ಕ ಎಲೆಕ್ಟ್ರಿಕಲ್ ಅಂಗಡಿ. ವಯಸ್ಸಾದ ಸಾಬ್ರು ಒಬ್ಬರು, ಜೊತೆಗೆ ಒಬ್ಬ ಹುಡುಗ, ಅಷ್ಟೇ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ರಿಲೇಗೆ ಐದಕ್ಕೆ ನಾಲ್ಕು ಅಂಕ. ಅಂಗಡಿಗೆ ಐದಕ್ಕೆ ಐದು. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಬಂದ ಪೀಸಿಗೆ ಅಂಕ ಕೊಡುವ ಮಾತೇ ಇಲ್ಲ. "180 ರೂಪಾಯಿ ಸಾಮಾನಿಗೆ ಇಷ್ಟುದ್ದ ಬರೀಬೇಕಾ?" ಅಂತ ನಮ್ಮನೆಯವಳು ಕೇಳಿದಳು. ಬರೆಯಬೇಕು. ಈ ಡಬ್ಬಿ ಕೇಳಿಕೊಂಡು ಹೋದ ಕಡೆಯೆಲ್ಲ "ಎಲ್ಲಾ ಒಂದೇ ಸಾರ್, ತಗೊಂಡು ಹೋಗಿ ಹಾಕ್ಕೊಳ್ಳಿ" ಅನ್ನುತ್ತಾರೆ. ಎಲ್ಲಾ ಒಂದೇ ಅಲ್ಲ. ಹಳೇ ಗಾಡಿ ಇಟ್ಟುಕೊಂಡವರು ಅದನ್ನು ತಿಳಿದಿರಬೇಕು.

ನಾನು ಟೆಲಿಫೋನ್ ಇಲಾಖೆಯಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದವನು. ಸ್ಟ್ರೌಜರ್ ಅನ್ನುವ ಹಳೇ ಯಾಂತ್ರಿಕ ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದಲ್ಲಿ ರಿಲೇ ಬಿಚ್ಚಿ, ಕಾಂಟ್ಯಾಕ್ಟ್ ಒರೆಸಿ, ಸ್ಪ್ರಿಂಗ್ ಸರಿಮಾಡಿ ಸಂಬಳ ತೆಗೆದುಕೊಂಡಿದ್ದೇನೆ. ಆದ್ದರಿಂದ ಗಾಡಿಯ ಎಂಜಿನ್ ಕೆಮ್ಮಿದರೆ ಮೆಕ್ಯಾನಿಕ್ ಹತ್ತಿರ ಓಡುತ್ತೇನೆ, ವೈರಿಂಗ್ ಕೆಟ್ಟರೆ ಮಾತ್ರ ಯಾರನ್ನೂ ಮುಟ್ಟಲು ಬಿಡುವುದಿಲ್ಲ. ಗಾಡಿ ನಮ್ಮ ಮಾವನವರದ್ದು. ತೀರ್ಥಹಳ್ಳಿ ಆಚೆ ಮೇಗರವಳ್ಳಿ ಕಡೆ ಅವರ ತೋಟ. ಅಡಿಕೆಗೆ ಒಳ್ಳೇ ರೇಟ್ ಬಂದ ವರ್ಷ ತೆಗೆದುಕೊಂಡಿದ್ದಂತೆ. 1489 ಸಿಸಿ ಎಂಜಿನ್, ಬ್ಯಾಟರಿ ಚಾರ್ಜ್ ಮಾಡುವುದು ಇನ್ನೂ ಹಳೇ ಕಾಲದ ಡೈನಮೋ, ಆಲ್ಟರ್ನೇಟರ್ ಅಲ್ಲ. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತಾಗ ಇನ್ನು ಬಿಡಿಭಾಗ ಸಿಗಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಪಿಸ್ಟನ್, ಕ್ಲಚ್ ಪ್ಲೇಟ್, ಲೀಫ್ ಸ್ಪ್ರಿಂಗ್ ಎಲ್ಲ ಇವತ್ತಿಗೂ ಹುಡುಕಿದರೆ ಸಿಗುತ್ತವೆ. ಪೇಚಾಟ ಇರುವುದು ಇಂಥ ಚಿಲ್ಲರೆ ಸಾಮಾನಿಗೇ.

ತೊಂದರೆ ಶುರುವಾಗಿದ್ದು ಮಳೆಗಾಲದಲ್ಲಿ. ಬಿಸಿಲಿದ್ದಾಗ ಇಂಡಿಕೇಟರ್ ಸರಿಯಾಗಿಯೇ ಮಿಣುಕುತ್ತಿತ್ತು. ಮಳೆ ಹೊಡೆದು, ವೈಪರ್ ಹಾಕಿ, ಹೆಡ್‌ಲೈಟ್ ಹಾಕಿ, ಯಾವುದಾದರೂ ಸರ್ಕಲ್‌ನಲ್ಲಿ ನಿಂತರೆ ಸಾಕು, ಇಂಡಿಕೇಟರ್ ಸೋಮಾರಿಯಾಗುತ್ತಿತ್ತು. ಒಂದು ಸಲ ಹತ್ತಿದರೆ ಆರುವುದೇ ಇಲ್ಲ. ಇಲ್ಲವೇ ಹತ್ತುವುದೇ ಇಲ್ಲ. ಗಾಡಿ ಹೊರಟು ಎಂಜಿನ್ ಸ್ಪೀಡ್ ಏರಿದ ಮೇಲೆ ಮತ್ತೆ ಟಿಕ್ ಟಿಕ್. "ಕೈ ಹೊರಗೆ ಹಾಕಿ ತೋರಿಸಿ, ಹಿಂದಿನವರು ಬೈತಿದ್ದಾರೆ" ಅಂತ ಪಕ್ಕದ ಸೀಟಿನಿಂದ ಆರ್ಡರ್. ಮಲೆನಾಡಿನ ಆಷಾಢದಲ್ಲಿ ಬಲಗೈ ಹೊರಗೆ ಹಾಕಿ ಗಾಡಿ ಓಡಿಸಿದರೆ ಶರ್ಟಿನ ತೋಳು ಹಿಂಡಿ ಹಾಕಬೇಕಾಗುತ್ತದೆ. ಇದರ ಮೇಲೆ ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬರುತ್ತಿತ್ತು. ಸ್ವಂತದ ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಬೇಕು. ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ದೀಪ, ಹಾರ್ನ್, ಇಂಡಿಕೇಟರ್. ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆ ಮಿಣುಕಬಾರದು, 120 ದಾಟಬಾರದು.

ಹೀಗೇಕೆ ಆಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಬೇಸರ ಆದರೆ ಮುಂದಕ್ಕೆ ಹೋಗಿ.

ಹಳೇ ಫ್ಲಾಷರ್ ಅಂದರೆ ಒಂದು ಚಿಕ್ಕ ಅಲ್ಯೂಮಿನಿಯಂ ಡಬ್ಬಿ. ಒಳಗೆ ಕೂದಲಿನಷ್ಟು ತೆಳ್ಳಗಿನ ಒಂದು ತಂತಿ ಬಿಗಿಯಾಗಿ ಎಳೆದು ಕಟ್ಟಿರುತ್ತದೆ. ಇಂಡಿಕೇಟರ್ ಸ್ವಿಚ್ ಹಾಕಿದ ಕೂಡಲೇ ಬಲ್ಬುಗಳ ಕರೆಂಟ್ ಈ ತಂತಿಯ ಮೂಲಕವೇ ಹರಿಯಬೇಕು. ತಂತಿ ಬಿಸಿಯಾಗುತ್ತದೆ, ಉದ್ದವಾಗುತ್ತದೆ, ಅದು ಹಿಡಿದಿದ್ದ ಕಾಂಟ್ಯಾಕ್ಟ್ ಕೂಡಿಕೊಳ್ಳುತ್ತದೆ. ಆಗ ಪೂರ್ತಿ ಕರೆಂಟ್ ಬಲ್ಬಿಗೆ ಹೋಗಿ ದೀಪ ಹತ್ತುತ್ತದೆ. ಈಗ ತಂತಿಗೆ ಕರೆಂಟ್ ಇಲ್ಲ, ತಣ್ಣಗಾಗಿ ಕುಗ್ಗಿ ಕಾಂಟ್ಯಾಕ್ಟ್ ಬಿಡಿಸುತ್ತದೆ. ದೀಪ ಆರುತ್ತದೆ. ಮತ್ತೆ ಬಿಸಿ, ಮತ್ತೆ ತಣ್ಣಗೆ. ಯಾವ ಟೈಮರೂ ಇಲ್ಲ, ಬರೀ ಶಾಖದ ಲೆಕ್ಕ.

ಈ ಲೆಕ್ಕ ಕೂತಿರುವುದು ಕರೆಂಟಿನ ಮೇಲೆ. ಒಂದು ಬದಿಗೆ ಮುಂದೊಂದು ಹಿಂದೊಂದು, 21 ವ್ಯಾಟಿನ ಎರಡು ಬಲ್ಬ್. ಒಟ್ಟು 42 ವ್ಯಾಟ್. 12 ವೋಲ್ಟಿಗೆ ಸುಮಾರು 3.5 ಆಂಪಿಯರ್. ಅಷ್ಟು ಎಳೆಯುವ ಬಲ್ಬ್ ಇದ್ದರೆ ತಂತಿ ಹೇಳಿದ ಹೊತ್ತಿಗೆ ಬಿಸಿಯಾಗುತ್ತದೆ. ಡೈನಮೋ ಗಾಡಿ ಎಂಜಿನ್ ನಿಧಾನ ತಿರುಗುತ್ತಾ ಐಡಲ್‌ನಲ್ಲಿ ನಿಂತಾಗ ಚಾರ್ಜಿಂಗ್ ಹೆಚ್ಚುಕಮ್ಮಿ ಸೊನ್ನೆ. ವೈಪರ್ ಮೋಟಾರ್, ಹೆಡ್‌ಲೈಟ್ ಎಲ್ಲ ಬ್ಯಾಟರಿಯಿಂದಲೇ ಎಳೆಯುತ್ತವೆ. ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ಇಳಿಯುತ್ತದೆ, ತಂತಿ ಬಿಸಿಯಾಗಲು ತಡ ಮಾಡುತ್ತದೆ. ಅದರ ಜೊತೆಗೆ ನಮ್ಮ ಕಡೆಯ ತೇವಕ್ಕೆ ಹಿಡಿದ ತುಕ್ಕು. ಹೋಲ್ಡರಿನಲ್ಲಿ, ಸ್ಕ್ರೂವಿನಲ್ಲಿ, ವೈರಿನ ತುದಿಯ ಲಗ್ಸಿನಲ್ಲಿ ಒಂದಿಷ್ಟೊಂದಿಷ್ಟು ವೋಲ್ಟೇಜ್ ತಿಂದುಹಾಕುತ್ತದೆ. ಜೊತೆಗೆ ವರ್ಷಗಟ್ಟಲೆ ದುಡಿದ ಕಾಂಟ್ಯಾಕ್ಟೂ ಸುಟ್ಟು ಕಪ್ಪಾಗಿರುತ್ತದೆ.

ಹಾಗಾಗಿ ಇಂಡಿಕೇಟರ್ ಮೊಂಡು ಹಿಡಿದ ಕೂಡಲೇ ಫ್ಲಾಷರ್ ಕೊಳ್ಳಲು ಓಡಬೇಡಿ. ಮೊದಲು ನಾಲ್ಕೂ ದೀಪ ಬಿಚ್ಚಿ ನೋಡಿ. ನಮ್ಮ ಗಾಡಿಯಲ್ಲಿ ಮುಂದಿನ ಎಡಗಡೆ ದೀಪದ ಹೋಲ್ಡರ್ ಒಳಗೆ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಚಕ್ರ ಎರಚಿದ ಕೆಸರು ಒಳಗಿನಿಂದ ಹೋಗಿ ಸೇರುತ್ತದೆ. ಅರ್ತ್, ಅಂದರೆ ಕರೆಂಟ್ ಗಾಡಿಯ ಮೈ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸಿಗದಿದ್ದರೆ ಒಂದು ಗುರುತು ಇದೆ. ಇಂಡಿಕೇಟರ್ ಹಾಕಿದಾಗ ಅದೇ ಡೂಮಿನಲ್ಲಿ, ಅಂದರೆ ದೀಪದ ಮುಚ್ಚಳದೊಳಗೆ, ಇರುವ ಪಾರ್ಕಿಂಗ್ ಬಲ್ಬೂ ಮಂಕಾಗಿ ಮಿಣುಕುತ್ತದೆ. ಕರೆಂಟ್ ವಾಪಸ್ ಹೋಗಲು ದಾರಿ ಕಾಣದೆ ಪಕ್ಕದ ಬಲ್ಬಿನ ಫಿಲಮೆಂಟ್ ಒಳಗೆ ನುಗ್ಗುವುದರಿಂದ ಹೀಗೆ. ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಗಾಡಿಯ ಮೈಗೆ ಹೊಸ ಅರ್ತ್ ವೈರ್ ಕೊಟ್ಟು, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ. ಇಷ್ಟಕ್ಕೇ ಸರಿಹೋದರೆ ನಿಮ್ಮ ದುಡ್ಡು ಉಳಿಯಿತು.

ಇಷ್ಟಾದರೂ ಸರಿಹೋಗದಿದ್ದರೆ ಫ್ಲಾಷರಿಗೆ ಬರುವ ವೈರುಗಳಲ್ಲಿ ಬಿ (ಬ್ಯಾಟರಿಯಿಂದ ಬರುವುದು) ಮತ್ತು ಎಲ್ (ದೀಪಕ್ಕೆ ಹೋಗುವುದು) ಎರಡನ್ನೂ ಒಂದು ತುಂಡು ವೈರಿನಿಂದ ಕೂಡಿಸಿ, ಕೀ ಆನ್ ಮಾಡಿ, ಇಂಡಿಕೇಟರ್ ಸ್ವಿಚ್ ಹಾಕಿ. ಎರಡೂ ದೀಪ ಮಿಣುಕದೆ ಜೋರಾಗಿ ಹತ್ತಿ ನಿಂತರೆ ವೈರಿಂಗ್, ಸ್ವಿಚ್, ಬಲ್ಬ್ ಎಲ್ಲ ಸರಿ ಇವೆ ಅಂತ ಅರ್ಥ. ಕಳ್ಳ ಫ್ಲಾಷರೇ. ನಮ್ಮಲ್ಲಿ ಹಾಗೇ ಆಯಿತು.

ಈಗ ಆನ್‌ಲೈನ್ ಕಥೆ. ಬೆಂಗಳೂರಿನಲ್ಲಿರುವ ಮಗ "ಅಪ್ಪಾ, ನೀವು ಅಂಗಡಿ ಅಲೆಯೋದು ಬೇಡ" ಅಂತ ಒಂದು ಸೈಟಿನಿಂದ ತರಿಸಿ ಕಳಿಸಿದ. ಚಿತ್ರದ ಕೆಳಗೆ "ಎಲ್ಲಾ ಹಳೆಯ ಕಾರುಗಳಿಗೆ ಹೊಂದುತ್ತದೆ" ಅಂತ ಬರೆದಿದ್ದರಂತೆ. ಬಂದಿದ್ದು ಎರಡು ಪಿನ್ನಿನ ಬೈಕ್ ಫ್ಲಾಷರ್. ಮೈಮೇಲೆ ಸಣ್ಣ ಅಕ್ಷರದಲ್ಲಿ 10 ವ್ಯಾಟಿನ ಎರಡು ಬಲ್ಬಿಗೆ ಅಂತ ಇತ್ತು. ನಮ್ಮದು 21 ವ್ಯಾಟಿನದು. ಎರಡರಷ್ಟಕ್ಕಿಂತ ಜಾಸ್ತಿ ಕರೆಂಟ್. ಹಾಕಿದರೆ ಸ್ವಲ್ಪ ಹೊತ್ತು ಮಿಣುಕಬಹುದು, ಆಮೇಲೆ ಸುಟ್ಟ ವಾಸನೆ ಗ್ಯಾರಂಟಿ. ಹಾಕಲೇ ಇಲ್ಲ. ವಾಪಸ್ ಕೊಡುತ್ತೇವೆ ಅಂದರೆ "ಪ್ಯಾಕ್ ತೆರೆದಿದೆ" ಅಂದರು. ಪ್ಯಾಕ್ ತೆರೆಯದೆ ಒಳಗಿನ ಅಕ್ಷರ ಓದುವುದು ಹೇಗೆ ಅಂತ ಅವರೇ ಹೇಳಬೇಕು. ಅದು ಈಗ ಪಕ್ಕದ ಮನೆ ಹುಡುಗನ ಬೈಕಿನಲ್ಲಿ ಸುಖವಾಗಿದೆ.

ಆಮೇಲೆ ಊರಿನ ಅಂಗಡಿಗಳು. ಬಿ.ಎಚ್. ರಸ್ತೆಯ ದೊಡ್ಡ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರ್ ನೋಡಿ "ಅಂಬಾಸಿಡರ್ ಲಿಸ್ಟಲ್ಲೇ ಇಲ್ಲ ಸಾರ್" ಅಂದರು. ಇನ್ನೊಂದು ಕಡೆ ಮೂರು ಪಿನ್ನಿನದೇ ಕೊಟ್ಟರು, ಆದರೆ ಯಾವ ಪಿನ್ ಯಾವುದಕ್ಕೆ ಅಂತ ಕೇಳಿದರೆ "ಹಳೇ ಸಾಕೆಟ್‌ಗೆ ಹಾಗೇ ಚುಚ್ಚಿ" ಅನ್ನುವ ಉತ್ತರ.

ಹಾಗೇ ಚುಚ್ಚಬಾರದು. ಇಡೀ ವಿಷಯ ಇರುವುದೇ ಇಲ್ಲಿ.

ಹಳೇ ಡಬ್ಬಿಯ ಮೂರು ಪಿನ್ನಿನ ಮೇಲೆ ಬಿ, ಎಲ್, ಪಿ ಅಂತ ಕೊರೆದಿರುತ್ತದೆ. ಬಿ ಅಂದರೆ ಬ್ಯಾಟರಿಯಿಂದ ಬರುವುದು. ಎಲ್ ಅಂದರೆ ದೀಪಕ್ಕೆ, ಅಂದರೆ ಸ್ವಿಚ್ಚಿಗೆ ಹೋಗುವುದು. ಪಿ ಅಂದರೆ ಪೈಲಟ್, ಡ್ಯಾಶ್‌ಬೋರ್ಡಿನ ಚಿಕ್ಕ ಹಸಿರು ದೀಪಕ್ಕೆ ಹೋಗುವುದು. ನಮ್ಮ ಗಾಡಿಯಲ್ಲಿ ಎಡಕ್ಕೂ ಬಲಕ್ಕೂ ಸೇರಿ ಹಸಿರು ದೀಪ ಒಂದೇ. ಹೊಸ ಎಲೆಕ್ಟ್ರಾನಿಕ್ ಡಬ್ಬಿಯ ಮೇಲೆ ಬಿ, ಎಲ್, ಇ. ಈ ಇ ಅಂದರೆ ಅರ್ತ್. ಜರ್ಮನ್ ಪದ್ಧತಿಯ ನಂಬರ್ ಹಾಕಿರುವ ಪೀಸ್‌ನಲ್ಲಿ ಇದೇ ಮೂರಕ್ಕೆ 49, 49ಎ, 31 ಅಂತ ಇರುತ್ತದೆ. ಹಳೇದಕ್ಕೆ ಅರ್ತ್ ಬೇಕಿರಲಿಲ್ಲ, ಬಿಸಿ ತಂತಿಗೆ ಬಲ್ಬಿನ ಕರೆಂಟೇ ಸಾಕಿತ್ತು. ಹೊಸದರ ಒಳಗೆ ಐಸಿ ಅನ್ನುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಕೂತಿದೆ. ರೆಸಿಸ್ಟರು, ಕೆಪಾಸಿಟರು ಸೇರಿ ಅದಕ್ಕೆ ಕಾಲ ಅಳೆದುಕೊಡುತ್ತವೆ, ಐಸಿ ಒಂದು ಸಣ್ಣ ರಿಲೇ ಎಳೆದು ಬಿಡುತ್ತದೆ. ಆ ಐಸಿ ಬದುಕಲು ತನ್ನದೇ ಆದ ಪ್ಲಸ್ಸು ಮೈನಸ್ಸು ಬೇಕು. ಆದ್ದರಿಂದ ಮೂರನೇ ಪಿನ್ ಅರ್ತ್.

ಹಳೇ ಸಾಕೆಟ್‌ಗೆ ಹಾಗೇ ಚುಚ್ಚಿದರೆ ಇ ಪಿನ್ನಿಗೆ ಸಿಗುವುದು ಪೈಲಟ್ ವೈರು. ಆ ವೈರಿನ ಆಚೆ ತುದಿಯಲ್ಲಿ ಹಸಿರು ಬಲ್ಬು, ಅದರ ಆಚೆ ಅರ್ತ್. ಅಂದರೆ ರಿಲೇ ತನ್ನ ಅರ್ತನ್ನು ಒಂದು ಪುಟ್ಟ ಬಲ್ಬಿನ ಫಿಲಮೆಂಟ್ ಮೂಲಕ ಹುಡುಕಿಕೊಳ್ಳುತ್ತದೆ. ಕೆಲವು ಸಲ ನಡೆದಂತೆ ಕಾಣುತ್ತದೆ. ಇನ್ನು ಕೆಲವು ಸಲ ಗೊರ ಗೊರ ಅಂತ ನಡುಗುತ್ತದೆ. ಹಸಿರು ದೀಪ ಮಾತ್ರ ಸರಿಯಾಗಿ ಹತ್ತುವುದಿಲ್ಲ. "ಕಂಪನಿ ಪೀಸೇ ಸರಿ ಇಲ್ಲ" ಅಂತ ಜನ ಬೈದುಕೊಂಡು ವಾಪಸ್ ಕೊಡುವುದು ಇಂಥವನ್ನೇ ಇರಬೇಕು.

ಆಟೋ ಕಾಂಪ್ಲೆಕ್ಸಿನ ಸಾಬ್ರ ಅಂಗಡಿ ನನಗೆ ಗುರುತಿದ್ದದ್ದು ಡೈನಮೋ ಬ್ರಷ್ ಹಾಕಿಸಿದಾಗಿನಿಂದ. ಅಂಗಡಿ ಅಂದರೆ ಒಂದು ಶಟರು, ಮುಂದೆ ಬಿಚ್ಚಿ ಹಾಕಿದ ಸ್ಟಾರ್ಟರ್ ಮೋಟಾರುಗಳು, ಒಳಗೆ ಕತ್ತಲು. ನನ್ನ ಹಳೇ ಡಬ್ಬಿ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ಕನ್ನಡಕ ಮೇಲೆ ತಳ್ಳಿ, ಮೊದಲು ಕೇಳಿದ್ದು ಇದನ್ನೇ.

"ಟೆಲಿಫೋನ್ ಸಾರ್, ಇದು ಪಿ ಇರೋದು. ನಿಮ್ಮ ಗಾಡೀಲಿ ಹಸಿರು ಲೈಟು ಒಂದಾ ಎರಡಾ?"

"ಒಂದೇ ಸಾಬ್ರೆ."

"ಹಂಗಾದ್ರೆ ಈಗ ಸಿಗೋದು ಇ. ಹಾಗೇ ಹಾಕಿದ್ರೆ ಆಗಲ್ಲ. ಅರ್ತ್ ಎಳೀಬೇಕು, ಪೈಲಟ್‌ಗೆ ಬೇರೆ ದಾರಿ ಮಾಡ್ಬೇಕು. ನೀವೇ ಮಾಡ್ಕೋತೀರಾ, ಹುಡುಗನ್ನ ಕಳಿಸ್ಲಾ?"

ಐದಕ್ಕೆ ಐದು ಕೊಟ್ಟಿದ್ದು ಈ ಪ್ರಶ್ನೆಗೆ. ಮಾರಿ ಕೈ ತೊಳೆದುಕೊಳ್ಳುವವರು ಹೀಗೆ ಕೇಳುವುದಿಲ್ಲ. ಇನ್ನೊಂದು ಪ್ರಶ್ನೆಯನ್ನೂ ಕೇಳಿದರು, ಬ್ಯಾಟರಿಯ ಯಾವ ತುದಿ ಗಾಡಿಯ ಮೈಗೆ ಸೇರಿಸಿದೆ ಅಂತ. ತುಂಬಾ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು. ಬಿಸಿ ತಂತಿಯ ಫ್ಲಾಷರಿಗೆ ಪ್ಲಸ್ಸೋ ಮೈನಸ್ಸೋ ಒಂದೇ. ಎಲೆಕ್ಟ್ರಾನಿಕ್ ಪೀಸ್ ಮಾತ್ರ ಉಲ್ಟಾ ಕೊಟ್ಟರೆ ಸತ್ತೇ ಹೋಗುತ್ತದೆ. ನಮ್ಮದು ನೆಗೆಟಿವ್ ಅರ್ತ್, ತೊಂದರೆ ಇಲ್ಲ. ಅಂದಹಾಗೆ ನಮ್ಮ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲೂ ಪಾಸಿಟಿವನ್ನೇ ಅರ್ತ್ ಮಾಡುತ್ತಾರೆ, ಲೈನಿಗೆ ಹೋಗುವುದು ಮೈನಸ್ 48 ವೋಲ್ಟ್. ನೆಲದಲ್ಲಿ ಹೂತ ಕೇಬಲಿನ ತಾಮ್ರ ತೇವಕ್ಕೆ ಕರಗಿ ಹೋಗದಿರಲಿ ಅಂತ. ಇದನ್ನು ಸಾಬ್ರಿಗೆ ಹೇಳಿದರೆ ಅವರು ಚಹಾ ತರಿಸಿದರು. ಆ ಚಹಾ ಬಗ್ಗೆಯೂ ಹೇಳಬೇಕು ಅಂದರೆ ಸಕ್ಕರೆ ಜಾಸ್ತಿ.

ಪೀಸಿಗೆ 180, ಬಿಲ್ ಕೊಟ್ಟರು. ಹಳೇ ಬಿಸಿ ತಂತಿಯ ನಮೂನೆಯದೂ ಒಂದು ಇತ್ತು, 120 ರೂಪಾಯಿ. ಅದನ್ನು ಹಾಕಿದ್ದರೆ ವೈರಿಂಗ್ ಮುಟ್ಟುವ ಕೆಲಸವೇ ಇರಲಿಲ್ಲ, ಐದು ನಿಮಿಷದ ಮಾತು. ಹಳೇ ಗಾಡಿಯಲ್ಲಿ ಎಲ್ಲವೂ ಮೂಲದಂತೆಯೇ ಇರಬೇಕು ಅನ್ನುವವರು ಅದನ್ನೇ ತೆಗೆದುಕೊಳ್ಳಲಿ, ತಪ್ಪೇನಿಲ್ಲ. ನನಗೆ ಮಳೆಯಲ್ಲಿ ಐಡಲ್ ನಿಂತಾಗ ಮಿಣುಕುವುದು ಮುಖ್ಯ. ಮೂಲಕ್ಕೆ ನಿಷ್ಠೆ ಅಂತ ಶರ್ಟಿನ ತೋಳು ಹಿಂಡುತ್ತಾ ಕೂರಲು ಆಗುವುದಿಲ್ಲ.

ಜೋಡಿಸುವ ಕೆಲಸ ಮನೆಯಲ್ಲೇ ಮಾಡಿಕೊಂಡೆ. ಮೊದಲು ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿಡಿ. ಡ್ಯಾಶ್‌ಬೋರ್ಡ್ ಒಳಗೆ ಮಲಗಿ ಕೈ ಹಾಕುವಾಗ ಸ್ಪ್ಯಾನರ್ ಎಲ್ಲಿಗೆ ತಾಗುತ್ತದೆ ಅಂತ ಹೇಳಲಾಗುವುದಿಲ್ಲ. ವೈರುಗಳ ಬಣ್ಣಕ್ಕೆ ಲ್ಯೂಕಾಸ್ ಅನ್ನುವ ಬ್ರಿಟಿಷ್ ಕಂಪನಿಯ ಪದ್ಧತಿ ಇದೆ. ಹಸಿರಿನ ಮೇಲೆ ಕೆಂಪು ಗೆರೆ ಎಡದ ಇಂಡಿಕೇಟರ್, ಹಸಿರಿನ ಮೇಲೆ ಬಿಳಿ ಗೆರೆ ಬಲದ್ದು, ಬರೀ ಹಸಿರು ಫ್ಯೂಸ್‌ನಿಂದ ಬರುವ ಸಪ್ಲೈ, ಕಪ್ಪು ಅರ್ತ್. ಆದರೆ ಇಷ್ಟು ವರ್ಷದ ಗಾಡಿಯಲ್ಲಿ ಎಷ್ಟು ಎಲೆಕ್ಟ್ರಿಷಿಯನ್‌ಗಳು ಕೈಯಾಡಿಸಿರುತ್ತಾರೋ. ನಮ್ಮಲ್ಲಿ ಬಲಕ್ಕೆ ಹೋಗುವ ವೈರು ಅರ್ಧದಲ್ಲಿ ಹಳದಿ ಆಗಿತ್ತು. ಬಣ್ಣ ನಂಬಬೇಡಿ, ಟೆಸ್ಟ್ ಲ್ಯಾಂಪ್ ನಂಬಿ. ಪಿನ್ನುಗಳ ಜಾಗವನ್ನೂ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಅದಲು ಬದಲಾಗುತ್ತದೆ. ಅಕ್ಷರ ಓದಿ.

ಬಿ ವೈರು ಬಿಗೆ, ಎಲ್ ವೈರು ಎಲ್‌ಗೆ. ಇ ಪಿನ್ನಿನಿಂದ ಹೊಸ ಕಪ್ಪು ವೈರು ಎಳೆದು, ಡ್ಯಾಶ್ ಹಿಂದಿನ ಒಂದು ಸ್ಕ್ರೂ ಕೆಳಗೆ ಪೇಂಟ್ ಕೆರೆದು ಬಿಗಿ ಮಾಡಿದೆ. ಪೇಂಟ್ ಮೇಲೆಯೇ ಬಿಗಿ ಮಾಡಿದರೆ ಅರ್ತ್ ಸಿಗುವುದಿಲ್ಲ, ಇದು ಗೊತ್ತಿದ್ದೂ ಜನ ಮರೆಯುವ ವಿಷಯ.

ಉಳಿದದ್ದು ಹಸಿರು ದೀಪ. ಇದಕ್ಕೆ ಒಂದು ಅಡ್ಡದಾರಿ ಎಲ್ಲರೂ ಹೇಳುತ್ತಾರೆ: ಪೈಲಟ್ ವೈರನ್ನು ಎಲ್ ಪಿನ್ನಿಗೇ ಸೇರಿಸಿಬಿಡಿ, ಎಡ ಬಲ ಎರಡಕ್ಕೂ ಎಲ್ ಒಂದೇ ತಾನೇ ಅಂತ. ಕೇಳಲು ಸರಿ ಅನಿಸುತ್ತದೆ. ಆದರೆ ಎಲ್‌ನಿಂದ ಅರ್ತ್‌ಗೆ ಒಂದು ಬಲ್ಬ್ ಯಾವಾಗಲೂ ಸೇರಿದ್ದರೆ, ಸ್ವಿಚ್ ಆಫ್ ಇದ್ದಾಗಲೂ ಲೋಡ್ ಬಂತು ಅಂತ ಐಸಿ ತಿಳಿದುಕೊಳ್ಳಬಹುದು. ಕೀ ಆನ್ ಮಾಡಿದ ಕೂಡಲೇ ಸುಮ್ನೆ ಟಿಕ್ ಟಿಕ್ ಶುರು. ಸರಿಯಾದ ದಾರಿ ಸ್ವಿಚ್ ದಾಟಿದ ಮೇಲಿನದು. ಎಡದ ವೈರಿನಿಂದ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು), ಬಲದ ವೈರಿನಿಂದ ಒಂದು ಡಯೋಡ್, ಎರಡರ ಬೆಳ್ಳಿ ಗೆರೆ ಇರುವ ತುದಿಗಳನ್ನು ಒಟ್ಟುಗೂಡಿಸಿ ಹಸಿರು ದೀಪಕ್ಕೆ. ದೀಪದ ಇನ್ನೊಂದು ತುದಿ ಅರ್ತ್. ಎಡ ಹಾಕಿದರೂ ಹತ್ತುತ್ತದೆ, ಬಲ ಹಾಕಿದರೂ ಹತ್ತುತ್ತದೆ, ಒಂದರ ಕರೆಂಟ್ ಇನ್ನೊಂದಕ್ಕೆ ಹಾಯುವುದಿಲ್ಲ. 1ಎನ್4007 ಅನ್ನುವ ಸಾಮಾನ್ಯ ಡಯೋಡ್ ಸಾಕು. ಅದು 1 ಆಂಪಿಯರ್ ತಡೆಯುತ್ತದೆ, ಹಸಿರು ಬಲ್ಬಿಗೆ ಬೇಕಾಗುವುದು ಅದರ ಕಾಲುಭಾಗ. ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಚಿಲ್ಲರೆ ಕಾಸಿಗೆ ಕೊಡುತ್ತಾರೆ. ಬೆಸುಗೆ ಹಾಕಿ ಮೇಲೆ ಸ್ಲೀವ್ ಏರಿಸಿ. ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಬೇಸಿಗೆಯಲ್ಲಿ ಅಂಟು ಬಿಟ್ಟು ಜೋತಾಡುತ್ತದೆ.

ಈಗ ರಿಲೇ ಹೇಗಿದೆ ಅಂತ.

ಮಿಣುಕುವ ವೇಗ ನಾನು ಗಡಿಯಾರ ಇಟ್ಟು ಎಣಿಸಿದೆ, ನಿಮಿಷಕ್ಕೆ 84. ಎಂಜಿನ್ ಆಫ್ ಇದ್ದಾಗಲೂ ಅಷ್ಟೇ, ವೈಪರ್ ಹೆಡ್‌ಲೈಟ್ ಹಾಕಿದಾಗಲೂ ಅಷ್ಟೇ. ವೋಲ್ಟೇಜ್ ಇಳಿದರೆ ಬಲ್ಬ್ ಸ್ವಲ್ಪ ಮಂಕಾಗುತ್ತದೆ, ತಾಳ ತಪ್ಪುವುದಿಲ್ಲ. ಸ್ವಿಚ್ ಹಾಕಿದ ತಕ್ಷಣ ಮೊದಲ ಮಿಣುಕು ಬರುತ್ತದೆ. ಹಳೇದು ಮೊದಲು ಬಿಸಿಯಾಗಲು ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಒಂದು ಬಲ್ಬ್ ಬಿಚ್ಚಿ ನೋಡಿದೆ, ವೇಗ ಸುಮಾರು ಎರಡರಷ್ಟಾಯಿತು. ಬಲ್ಬ್ ಹೋಗಿದೆ ಅಂತ ಡ್ರೈವರಿಗೆ ಗೊತ್ತಾಗಲು ಮಾಡಿರುವ ಏರ್ಪಾಡು. ಹಳೇ ಪಿ ಪಿನ್ನಿನ ಡಬ್ಬಿಯಲ್ಲೂ ಈ ಬುದ್ಧಿ ಇತ್ತು ಅನ್ನುವುದನ್ನು ಮರೆಯಬಾರದು. ಒಂದು ಬಲ್ಬ್ ಹೋದರೆ ಕರೆಂಟ್ ಸಾಲದೆ ಪೈಲಟ್ ಕಾಂಟ್ಯಾಕ್ಟ್ ಕೂಡುತ್ತಿರಲಿಲ್ಲ, ಹಸಿರು ದೀಪ ಹತ್ತುತ್ತಿರಲಿಲ್ಲ. ಐಸಿ ಇಲ್ಲದ ಕಾಲದಲ್ಲಿ ಒಂದು ತಂತಿ, ಒಂದು ಕಾಯಿಲ್ ಇಟ್ಟುಕೊಂಡು ಅಷ್ಟು ಮಾಡಿದ್ದರು.

ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ ಹೇಳಬೇಕಲ್ವಾ. ಪೆಟ್ಟಿಗೆಯಲ್ಲಿ ವೈರಿಂಗ್ ಚಿತ್ರ ಇಲ್ಲ. ಇ ಅಂದರೆ ಅರ್ತ್ ಅಂತ ಒಂದು ಸಾಲು ಮುದ್ರಿಸಲು ಎಷ್ಟು ಮಸಿ ಖರ್ಚಾಗುತ್ತಿತ್ತು? ಬ್ರಾಕೆಟ್ ಕೊಟ್ಟಿದ್ದಾರೆ, ಆದರೆ ತಗಡು ತೆಳು, ರಂಧ್ರ ಅಂಬಾಸಿಡರ್ ಸ್ಕ್ರೂಗೆ ಹೊಂದುವುದಿಲ್ಲ. ಕೇಬಲ್ ಟೈ ಹಾಕಿ ಕಟ್ಟಿದ್ದೇನೆ. ಪಿನ್ನುಗಳಿಗೆ ತವರದ ಲೇಪ ಚೆನ್ನಾಗಿದೆ, ಡಬ್ಬಿಯ ಪ್ಲಾಸ್ಟಿಕ್ ಮಾತ್ರ ಅಗ್ಗದ್ದು.

ಮತ್ತೆ ಶಬ್ದ. ಇದು ನನ್ನ ಸ್ವಂತದ ತಕರಾರು, ಅಂಕಕ್ಕೆ ಸೇರಿಸಿಲ್ಲ. ಹಳೇ ಡಬ್ಬಿಗೆ ಒಂದು ತೂಕದ ಸದ್ದಿತ್ತು, ತಗಡಿನ ಡ್ಯಾಶ್‌ಬೋರ್ಡ್ ಅದನ್ನು ಇನ್ನೂ ದೊಡ್ಡದು ಮಾಡುತ್ತಿತ್ತು. ಹೊಸದು ಚಿಟಿಕೆ ಹೊಡೆದಷ್ಟು ಸಣ್ಣಗೆ. ಮಳೆಯ ಸದ್ದಿನಲ್ಲಿ ಕೇಳುವುದೇ ಇಲ್ಲ. ಸ್ಟೇರಿಂಗ್ ವಾಪಸ್ ತಿರುಗಿದಾಗ ನಮ್ಮ ಸ್ವಿಚ್ ತಾನಾಗಿ ಆಫ್ ಆಗುವುದು ಅಪರೂಪ, ಹಾಗಾಗಿ ಇಂಡಿಕೇಟರ್ ಉಳಿದುಬಿಟ್ಟಿದ್ದು ಕಿವಿಗೆ ಗೊತ್ತಾಗುತ್ತಿತ್ತು. ಈಗ ಹಸಿರು ದೀಪ ನೋಡಿಯೇ ತಿಳಿಯಬೇಕು. ಡಯೋಡ್ ಕೆಲಸಕ್ಕೆ ಅಷ್ಟೊತ್ತು ಕೂತಿದ್ದು ಅದಕ್ಕೇ.

ನಿಜವಾದ ಪರೀಕ್ಷೆ ಆಗುಂಬೆ ಘಾಟಿ. ಮಗಳು ಮಣಿಪಾಲದಲ್ಲಿ ಇರುವುದರಿಂದ ನಮಗೆ ಅದು ಓಡಾಟದ ದಾರಿ. 14 ಹೇರ್‌ಪಿನ್ ತಿರುವು, ಮಳೆಗಾಲದಲ್ಲಿ ಮಂಜು ಇಳಿದರೆ ಮುಂದಿನ ಗಾಡಿಯ ಬಾಲದ ದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೇಲೆ ಬರುವ ಮಿನಿ ಬಸ್ಸಿಗೆ ದಾರಿ ಬಿಡಲು ತಿರುವಿನ ಮೊದಲೇ ಎಡಕ್ಕೆ ಸರಿದು, ಇಂಡಿಕೇಟರ್ ಹಾಕಿ, ಐಡಲ್‌ನಲ್ಲಿ ನಿಲ್ಲಬೇಕು. ಹೆಡ್‌ಲೈಟ್ ಆನ್, ವೈಪರ್ ಆನ್, ಜೊತೆಗೆ ಬ್ರೇಕ್ ಲೈಟು. ಹಳೇ ಫ್ಲಾಷರ್ ಕೈ ಕೊಡುತ್ತಿದ್ದುದು ಸರಿಯಾಗಿ ಇಂಥ ಹೊತ್ತಿನಲ್ಲೇ. ಈ ಸಲ ನಿಂತಷ್ಟು ಹೊತ್ತೂ ಒಂದೇ ಸಮ ಮಿಣುಕಿತು. ಇಳಿದು ಹಿಂದೆ ಹೋಗಿ ನೋಡಿಕೊಂಡು ಬಂದೆ. ಹಿಂದೆ ನಿಂತಿದ್ದ ಕಾರಿನವರು "ಏನಾಯ್ತು ಸಾರ್, ಗಾಡಿ ಕೆಟ್ಟೋಯ್ತಾ?" ಅಂತ ಕೇಳಿದರು.

ಎಲ್‌ಇಡಿ ಬಲ್ಬ್ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಎಲ್‌ಇಡಿ ಎರಡು ಮೂರು ವ್ಯಾಟ್ ಅಷ್ಟೇ. ಹಳೇ ಬಿಸಿ ತಂತಿ ಅಷ್ಟಕ್ಕೆ ಬಿಸಿಯೇ ಆಗುವುದಿಲ್ಲ, ದೀಪ ಮಿಣುಕುವುದಿಲ್ಲ. ನಾನು ತೆಗೆದುಕೊಂಡ ನಮೂನೆಯ ಎಲೆಕ್ಟ್ರಾನಿಕ್ ಪೀಸ್ ಮಿಣುಕಿಸುತ್ತದೆ, ಆದರೆ ಬಲ್ಬ್ ಹೋಗಿದೆ ಅಂತ ತಿಳಿದು ಎರಡರಷ್ಟು ವೇಗದಲ್ಲಿ. ಎಲ್‌ಇಡಿ ಹಾಕುವವರು ಎಲ್‌ಇಡಿಗೇ ಅಂತ ಬರುವ ಫ್ಲಾಷರ್ ಕೇಳಿ ತೆಗೆದುಕೊಳ್ಳಬೇಕು. ಡೂಮ್ ಹಳದಿ ಇದ್ದರೆ ಒಳಗಿನ ಎಲ್‌ಇಡಿಯೂ ಹಳದಿಯೇ ಇರಲಿ, ಬಿಳಿ ಹಾಕಿದರೆ ಹಗಲಿನಲ್ಲಿ ಬಣ್ಣ ತೆಳುವಾಗುತ್ತದೆ. ಡೈನಮೋ ಗಾಡಿಗೆ ಕರೆಂಟ್ ಉಳಿತಾಯ ಒಳ್ಳೇದೇ. ನನಗೆ ಮಾತ್ರ 21 ವ್ಯಾಟಿನ ಬೆಳಕೇ ಇಷ್ಟ. ಅದು ನಿಧಾನವಾಗಿ ಏರಿ ನಿಧಾನವಾಗಿ ಆರುವುದು ಆ ಗಾಡಿಯ ಮುಖಕ್ಕೆ ಒಪ್ಪುತ್ತದೆ.

ಇನ್ನೊಂದು ಎಚ್ಚರಿಕೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವ ಹಜಾರ್ಡ್ ಸ್ವಿಚ್ ಹಾಕಿಸುವ ಆಸೆ ಇದ್ದರೆ ಈ ಪೀಸ್ ಸಾಲದು. ಇದರ ಮೇಲೆ ಬರೆದಿರುವುದು 21 ವ್ಯಾಟಿನ ಎರಡು ಬಲ್ಬ್, ಜೊತೆಗೆ 5 ವ್ಯಾಟ್. ನಾಲ್ಕು ಬಲ್ಬ್ ಅಂದರೆ 84 ವ್ಯಾಟ್, 7 ಆಂಪಿಯರ್. ಅದಕ್ಕೆ ದೊಡ್ಡದು ಬೇಕು, ಫ್ಯೂಸ್ ವೈರೂ ಅದಕ್ಕೆ ತಕ್ಕದ್ದಿರಬೇಕು.

ಆರ್‌ಟಿಒದಲ್ಲಿ ಗಾಡಿ ಪಾಸಾಯಿತು. ಇನ್‌ಸ್ಪೆಕ್ಟರ್ ಇಂಡಿಕೇಟರ್ ನೋಡಿ ಏನೂ ಹೇಳಲಿಲ್ಲ, ಹಾರ್ನ್ ಮಾತ್ರ ಎರಡು ಸಲ ಹೊಡೆಸಿದರು.

ಅಂಗಡಿಗೆ ಹೋಗುವವರು ಹಳೇ ಪೀಸನ್ನು ತಪ್ಪದೆ ತೆಗೆದುಕೊಂಡು ಹೋಗಿ, ಫೋಟೋ ತೋರಿಸಿದರೆ ಸಾಬ್ರು ಒಪ್ಪುವುದಿಲ್ಲ. ಕೈಯಲ್ಲಿ ಹಿಡಿದು ಅಕ್ಷರ ಓದಬೇಕು ಅವರಿಗೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತದೆ, ಮೂರು ಗಂಟೆ ಮೇಲೆ ಹೋಗಿ. ಹುಡುಗನನ್ನು ಮನೆಗೆ ಕರೆಸಿದರೆ ಊರೊಳಗೆ 300 ರೂಪಾಯಿ ಅಂತೆ. ಫೋನ್ ಪೇ ಆಗುತ್ತದೆ, ಆದರೆ ಶಟರ್ ಒಳಗೆ ಸಿಗ್ನಲ್ ಸಿಗುವುದಿಲ್ಲ, ರಸ್ತೆಗೆ ಬಂದು ಕಳಿಸಬೇಕು.